ಶಿಶುವಿನ ಕೈಗೆ ಆಟಿಕೆ: ಯಾವಾಗ, ಯಾವುದು, ಏತಕ್ಕೆ?

ತವರಿನಲ್ಲಿ ಬಾಣಂತನ ಮುಗಿಸಿ, ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಕೂಸಿನೊಡನೆ ಪುಣೆಗೆ ಮರಳುವುದು ಇಲ್ಲಿಯ ಅನೇಕ ಕನ್ನಡ ಕುಟುಂಬಗಳಲ್ಲಿ ಇಂದಿಗೂ ಉಳಿದುಕೊಂಡು ಬಂದಿರುವ ಪದ್ಧತಿ. ಧಾರವಾಡದಲ್ಲೋ ವಿಜಯಪುರದಲ್ಲೋ ಕಲಬುರಗಿಯಲ್ಲೋ ಇರುವ ಆ ತವರುಮನೆಯಲ್ಲಿ ಕೂಸಿನ ಸುತ್ತ ಹಗಲೆಲ್ಲ ಹತ್ತು ಮುಖಗಳು. ಅಜ್ಜಿ ಎಣ್ಣೆ ಹಚ್ಚಿ ಎರೆಯುತ್ತಾಳೆ. ಸೋದರಮಾವ ಎತ್ತಿ ಆಡಿಸುತ್ತಾನೆ. ನೆರೆಮನೆಯ ಹುಡುಗಿಯರು ಸರದಿಯಂತೆ ಬಂದು ತೊಟ್ಟಿಲು ತೂಗುತ್ತಾರೆ. ಪುಣೆಗೆ ಬಂದೊಡನೆ ದೃಶ್ಯ ಬದಲಾಗುತ್ತದೆ. ಕೋಥರೂಡ, ವಾಕಡ ಅಥವಾ ಹಡಪಸರದ ಬಹುಮಹಡಿ ಕಟ್ಟಡದ ಮನೆಯಲ್ಲಿ ತಾಯಿ ಮತ್ತು ಕೂಸು ಇಬ್ಬರೇ. ತಂದೆಯಾದವನು ಬೆಳಿಗ್ಗೆ ಹಿಂಜವಡಿಯ ಕಚೇರಿಗೆ ಹೊರಟರೆ ದೀಪ ಹಚ್ಚಿದ ಮೇಲೆಯೇ ಹಿಂತಿರುಗುವವನು. ಬರಿದಾದ ಆ ಹಗಲನ್ನು ತುಂಬಲೆಂಬಂತೆ ಮನೆಯೊಳಗೆ ಆಟಿಕೆಗಳ ಪ್ರವೇಶವಾಗುತ್ತದೆ. ನಾಮಕರಣದ ಉಡುಗೊರೆಗಳು, ಅಂಗಡಿಯಿಂದ ತಂದವು, ದೂರವಾಣಿಯ ಮೂಲಕವೇ ತರಿಸಿಕೊಂಡವು, ಎಲ್ಲವೂ ಸೇರಿ ಮೂಲೆಯಲ್ಲೊಂದು ರಾಶಿಯಾಗುತ್ತದೆ.

ಕೂಸು ಮಾತ್ರ ಆ ರಾಶಿಯ ಕಡೆಗೆ ಕಣ್ಣೆತ್ತಿಯೂ ನೋಡದಿರಬಹುದು. ಆಗ ತಾಯ್ತಂದೆಯರಿಗೆ ಚಿಂತೆ. ಶಿಶುವು ಆಟಿಕೆಯೊಡನೆ ಆಡತೊಡಗುವುದು ಯಾವ ವಯಸ್ಸಿಗೆ? ಆಟಿಕೆಯಿಂದ ಅದಕ್ಕೆ ಆಗುವ ಪ್ರಯೋಜನವಾದರೂ ಏನು? ಈ ಎರಡು ಪ್ರಶ್ನೆಗಳಿಗೆ ಶಿಶುವಿಜ್ಞಾನವು ಸಾಕಷ್ಟು ಸ್ಪಷ್ಟವಾದ ಉತ್ತರಗಳನ್ನು ನೀಡಿದೆ. ಅವುಗಳಲ್ಲಿ ಕೆಲವು ಪುಣೆಯ ನೆಲದಲ್ಲಿಯೇ ದೊರೆತವು ಎಂಬುದು ಇಲ್ಲಿಯ ಕನ್ನಡಿಗರಿಗೆ ಆಸಕ್ತಿಯ ವಿಷಯವಾಗಬಹುದು.

ಮೊದಲೆರಡು ತಿಂಗಳು: ಮುಖವೇ ಆಟಿಕೆ

ನವಜಾತ ಶಿಶುವಿಗೆ ಕಣ್ಣು ಕಾಣುತ್ತದೆ. ಆದರೆ ದೂರದ ವಸ್ತುಗಳೆಲ್ಲ ಅದಕ್ಕೆ ಮಸುಕು ಮಸುಕು. ಸುಮಾರು 20ರಿಂದ 30 ಸೆಂಟಿಮೀಟರ್ ಅಂತರದಲ್ಲಿರುವುದಷ್ಟೇ ತಕ್ಕಮಟ್ಟಿಗೆ ಗೋಚರಿಸುತ್ತದೆ. ಹಾಲೂಡಿಸುವ ತಾಯಿಯ ಮುಖಕ್ಕೂ ಕೂಸಿನ ಕಣ್ಣಿಗೂ ಇರುವ ಅಂತರ ಹೆಚ್ಚುಕಡಿಮೆ ಇಷ್ಟೇ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಫ್ಯಾಂಟ್ಸ್ 1960ರ ದಶಕದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹುಟ್ಟಿ ಕೆಲವೇ ದಿನಗಳಾದ ಶಿಶುಗಳು ಬರಿಯ ಬಣ್ಣದ ಬಿಲ್ಲೆಗಿಂತ ಮುಖದ ಚಿತ್ರವನ್ನು ಹೆಚ್ಚು ಹೊತ್ತು ನೋಡಿದವು. ದನಿಯ ವಿಷಯದಲ್ಲಿಯೂ ಹಾಗೆಯೇ. ಗರ್ಭದಲ್ಲಿದ್ದಾಗಲೇ ಕೇಳಿ ಪರಿಚಿತವಾದ ತಾಯಿಯ ದನಿಯನ್ನು ಅದು ಬೇರೆ ದನಿಗಳಿಂದ ಬೇರ್ಪಡಿಸಿ ಗುರುತಿಸಬಲ್ಲುದು.

ಈ ಅವಧಿಯಲ್ಲಿ ಅಂಗೈಗೆ ಬೆರಳಿಟ್ಟರೆ ಕೂಸು ಬಿಗಿಯಾಗಿ ಹಿಡಿಯುತ್ತದೆ. ಗಿಲಕಿಯನ್ನಿಟ್ಟರೂ ಹಿಡಿಯುತ್ತದೆ. ಅದನ್ನು ಆಟವೆಂದು ತಿಳಿಯಲಾಗದು. ಅದು ಕೇವಲ ಪ್ರತಿವರ್ತನ ಕ್ರಿಯೆ. ತನ್ನ ಕೈಯಲ್ಲಿ ಏನಿದೆಯೆಂಬುದರ ಅರಿವು ಕೂಸಿಗೆ ಇನ್ನೂ ಇರುವುದಿಲ್ಲ. ಆದ್ದರಿಂದ ಒಂದು ಒಂದೂವರೆ ತಿಂಗಳ ಕೂಸು ಆಟಿಕೆಯನ್ನು ಅಲಕ್ಷಿಸಿದರೆ ಗಾಬರಿಯಾಗಬೇಕಾದ ಕಾರಣವಿಲ್ಲ. ಆರು ವಾರಗಳ ಸುಮಾರಿಗೆ ಮುಖ ನೋಡಿ ನಗತೊಡಗುವುದೇ ಆ ಕಾಲದ ದೊಡ್ಡ ಆಟ. “ಆಟಿಗಿ ಎಷ್ಟರ ಕೊಡವ್ವಾ, ಕೂಸು ನೋಡೂದು ನಿನ್ನ ಮಾರೀನ” ಎಂದು ಉತ್ತರ ಕರ್ನಾಟಕದ ಅಜ್ಜಿಯೊಬ್ಬಳು ಮಗಳಿಗೆ ಹೇಳಿದರೆ, ಆ ಮಾತಿನಲ್ಲಿ ವಿಜ್ಞಾನವು ತಿದ್ದಬೇಕಾದ್ದು ಏನೂ ಇಲ್ಲ.

ಮೂರರಿಂದ ಆರು ತಿಂಗಳು: ಕೈಯ ಪರಿಚಯ

ಮೂರನೆಯ ತಿಂಗಳ ಸುಮಾರಿಗೆ ಮುಷ್ಟಿ ಸಡಿಲವಾಗುತ್ತದೆ. ಕೂಸು ತನ್ನ ಕೈಗಳನ್ನೇ ಮುಖದೆದುರು ತಂದುಕೊಂಡು ಬೆರಗಾಗಿ ನೋಡುತ್ತದೆ. ಅದರ ಪಾಲಿಗೆ ತನ್ನ ಕೈಯೇ ಒಂದು ಆಟಿಕೆ. ಆಮೇಲೆ ತೊಟ್ಟಿಲಿನ ಮೇಲೆ ತೂಗುವ ಬಟ್ಟೆಯ ಗಿಳಿಗಳತ್ತ ಕೈ ಬೀಸುತ್ತದೆ. ಹತ್ತರಲ್ಲಿ ಒಂದು ಸಲ ಕೈ ತಗಲುತ್ತದೆ. ನಾಲ್ಕು ಐದು ತಿಂಗಳ ವೇಳೆಗೆ ಬೇಕೆಂದೇ ಕೈಚಾಚಿ ಹಿಡಿಯುತ್ತದೆ. ಆರನೆಯ ತಿಂಗಳ ಹೊತ್ತಿಗೆ ಒಂದು ಕೈಯಿಂದ ಇನ್ನೊಂದು ಕೈಗೆ ವಸ್ತುವನ್ನು ದಾಟಿಸುತ್ತದೆ. ಆಟಿಕೆಯೊಡನೆ ನಿಜವಾದ ಆಟ ಮೊದಲಾಗುವುದು ಈ ಘಟ್ಟದಲ್ಲಿ. ಬಾಣಂತಿಯು ಪುಣೆಗೆ ಮರಳುವ ಕಾಲವೂ ಇದೇ ಎಂಬುದು ಗಮನಾರ್ಹ. ಕೈ ತೆರೆಯುವ ಹೊತ್ತಿಗೆ ಸರಿಯಾಗಿ ಕೂಸಿನ ಸುತ್ತಲಿನ ಮುಖಗಳು ಕಡಿಮೆಯಾಗಿರುತ್ತವೆ.

ಇಂತಹ ಎಳೆಯ ಕೂಸಿಗೂ ಕಾರ್ಯಕಾರಣದ ಅರಿವು ಉಂಟೆ? ಅಮೆರಿಕದ ಕ್ಯಾರೊಲಿನ್ ರೋವಿ–ಕೋಲಿಯರ್ ಎಂಬ ವಿಜ್ಞಾನಿಯು ಶಿಶುವಿನ ಕಾಲಿಗೆ ಒಂದು ಪಟ್ಟಿಯನ್ನು ಕಟ್ಟಿ, ಅದರ ಇನ್ನೊಂದು ತುದಿಯನ್ನು ಮೇಲೆ ತೂಗುವ ಆಟಿಕೆಗೆ ಜೋಡಿಸಿದರು. ಕಾಲು ಒದ್ದಂತೆಲ್ಲ ಆಟಿಕೆ ಕುಣಿಯಿತು. ಎರಡು ಮೂರು ತಿಂಗಳ ಶಿಶುಗಳೂ ಇದನ್ನು ಬೇಗನೆ ಗ್ರಹಿಸಿ ಹೆಚ್ಚು ಹೆಚ್ಚಾಗಿ ಒದೆಯತೊಡಗಿದವು. ಮೂರು ತಿಂಗಳ ಕೂಸು ಕೆಲವು ದಿನಗಳು ಕಳೆದ ಮೇಲೂ ಅದನ್ನು ಮರೆತಿರಲಿಲ್ಲ. “ನಾನು ಮಾಡಿದರೆ ಅದು ಆಗುತ್ತದೆ” ಎಂಬ ಈ ಅರಿವೇ ಆಟಿಕೆಯ ಮೊದಲ ಪ್ರಯೋಜನ.

ಈ ವಯಸ್ಸಿಗೆ ಹಗುರವಾದ ಗಿಲಕಿ, ಮೆತ್ತನೆಯ ಬಟ್ಟೆಯ ಚೆಂಡು ಮತ್ತು ಕೈಗೆ ಸುಲಭವಾಗಿ ಸಿಗುವ ಬಳೆಯಾಕಾರದ ಆಟಿಕೆ ಇದ್ದರೆ ಸಾಕು. ಅದಕ್ಕಿಂತ ಮುಖ್ಯವಾದುದು ಜಾಗ. ನೆಲದ ಮೇಲೆ ಕೌದಿ ಹಾಸಿ, ಎಚ್ಚರವಾಗಿರುವ ಕೂಸನ್ನು ಬೋರಲಾಗಿ ಮಲಗಿಸಿ, ಎದುರಿಗೆ ಒಂದು ಆಟಿಕೆಯನ್ನಿಟ್ಟು ತಾಯಿಯೂ ಹತ್ತಿರವೇ ಕುಳಿತಿರಬೇಕು. ತೆವಳಲು ಬಾರದ ಶಿಶುಗಳಿಗೆ ದಿನಕ್ಕೆ ಕಡಿಮೆಯೆಂದರೆ 30 ನಿಮಿಷ, ಹಲವು ಸಲ ಸೇರಿಸಿ, ಹೀಗೆ ಬೋರಲಾಗಿ ಇರುವ ಅವಕಾಶವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸೂಚಿಸಿದೆ. ಕುತ್ತಿಗೆ ಮತ್ತು ಭುಜಗಳಿಗೆ ಇದರಿಂದ ಬಲ ಬರುತ್ತದೆ. ನಿದ್ದೆಗೆ ಮಾತ್ರ ಅಂಗಾತನೆಯೇ ಮಲಗಿಸಬೇಕು.

ಆರರಿಂದ ಹನ್ನೆರಡು ತಿಂಗಳು: ಬಾಯಿ, ಬಡಿತ, ಬೀಳಿಸುವಿಕೆ

ಆರು ತಿಂಗಳಾದ ಮೇಲೆ ಕೈಗೆ ಸಿಕ್ಕಿದ್ದೆಲ್ಲವೂ ಬಾಯಿಗೆ ಹೋಗುತ್ತದೆ. ಹಿರಿಯರು ಇದನ್ನು ಕೆಟ್ಟ ರೂಢಿಯೆಂದು ಗದರಿಸುವುದುಂಟು. ಆದರೆ ತುಟಿ ನಾಲಗೆಗಳು ಆ ವಯಸ್ಸಿನ ಅತ್ಯಂತ ಸೂಕ್ಷ್ಮವಾದ ಇಂದ್ರಿಯಗಳು. ವಸ್ತುವು ನುಣುಪೋ ಒರಟೋ, ತಣ್ಣಗೋ ಬೆಚ್ಚಗೋ, ಮೃದುವೋ ಗಟ್ಟಿಯೋ ಎಂಬುದನ್ನು ಕೂಸು ಬಾಯಿಯಿಂದಲೇ ಅರಿಯುತ್ತದೆ. ತಡೆಯಬೇಕಾದ್ದು ಬಾಯಿಗೆ ಹಾಕುವುದನ್ನಲ್ಲ. ಬಾಯಿಗೆ ಹೋಗಬಾರದ ವಸ್ತು ಕೈಗೆ ಸಿಗುವುದನ್ನು.

ಎಂಟು ಒಂಬತ್ತು ತಿಂಗಳ ಕೂಸು ಎರಡು ವಸ್ತುಗಳನ್ನು ಒಂದಕ್ಕೊಂದು ಬಡಿದು ಸದ್ದು ಕೇಳುತ್ತದೆ. ಹೆಬ್ಬೆರಳು ತೋರುಬೆರಳುಗಳ ತುದಿಯಿಂದ ಚಿಕ್ಕ ವಸ್ತುವನ್ನು ಹೆಕ್ಕಿಕೊಳ್ಳಲು ಕಲಿಯುವುದೂ ಇದರ ಆಸುಪಾಸಿನಲ್ಲಿಯೇ. ಕೆಳಗೆ ಬಿದ್ದ ಚಮಚವನ್ನು ಬಗ್ಗಿ ಹುಡುಕುತ್ತದೆ. ಎತ್ತಿ ಕೊಟ್ಟರೆ ಮತ್ತೆ ಬೀಳಿಸುತ್ತದೆ. ಇದು ತುಂಟತನವಲ್ಲ. ಕಣ್ಣಿಗೆ ಕಾಣದ ವಸ್ತುವೂ ಎಲ್ಲಿಯೋ ಇದ್ದೇ ಇರುತ್ತದೆಂಬ ತಿಳಿವು ಈ ವಯಸ್ಸಿನಲ್ಲಿ ಗಟ್ಟಿಯಾಗತೊಡಗುತ್ತದೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ತಮ್ಮ ಸ್ವಂತ ಮಕ್ಕಳನ್ನು ನಿರೀಕ್ಷಿಸಿಯೇ ಈ ಬೆಳವಣಿಗೆಯನ್ನು ವಿವರಿಸಿದರು. ಸೆರಗಿನಿಂದ ಮುಖ ಮುಚ್ಚಿ ತೆರೆಯುವ ನಮ್ಮ ಮನೆಗಳ ಕಣ್ಣಾಮುಚ್ಚಾಲೆಯು ಇದೇ ಪಾಠವನ್ನು ಖರ್ಚಿಲ್ಲದೆ ಕಲಿಸುತ್ತದೆ.

ವರ್ಷದ ಹತ್ತಿರ ಬಂದಂತೆ ಹಿಡಿದುದನ್ನು ಬೇಕೆಂದು ಬಿಡುವ ಕಲೆ ಕೈಗೂಡುತ್ತದೆ. ಡಬ್ಬಿಯೊಳಗೆ ಹಾಕುವುದು, ಮತ್ತೆ ಹೊರಗೆ ಸುರಿಯುವುದು, ಮುಚ್ಚಳ ತೆಗೆಯುವುದು, ತಾಯಿಯ ಕೈಗೆ ಕೊಟ್ಟು ಮರಳಿ ಕೇಳುವುದು ಇವೆಲ್ಲ ಆಗ ಮುಗಿಯದ ಆಟಗಳು. ಅಡಿಗೆಮನೆಯ ಸ್ಟೀಲಿನ ಬಟ್ಟಲುಗಳು, ಮರದ ಸೌಟು ಮತ್ತು ಒಂದರೊಳಗೊಂದು ಕೂರುವ ಡಬ್ಬಿಗಳು ಈ ವಯಸ್ಸಿಗೆ ಉತ್ತಮ ಆಟಿಕೆಗಳು.

ಒಂದರಿಂದ ಎರಡು ವರ್ಷ: ಸುಳ್ಳುಸುಳ್ಳೆ ಆಟ

ನಡೆಯಲು ಕಲಿತ ಕೂಸು ದೂಡುವ, ಎಳೆಯುವ ಆಟಿಕೆಗಳನ್ನು ಬಯಸುತ್ತದೆ. ಹದಿನೈದು ತಿಂಗಳ ಸುಮಾರಿಗೆ ಎರಡು ಮರದ ತುಂಡುಗಳನ್ನು ಒಂದರ ಮೇಲೊಂದು ಇಡುತ್ತದೆ. ಒಂದೂವರೆ ವರ್ಷಕ್ಕೆ ಮೂರು ನಾಲ್ಕನ್ನು, ಎರಡು ವರ್ಷಕ್ಕೆ ಆರನ್ನು ಪೇರಿಸುತ್ತದೆ. ಇದಕ್ಕಿಂತ ಮಹತ್ವದ ಬದಲಾವಣೆಯೆಂದರೆ ನಟನೆಯ ಆಟದ ಉದಯ. ಬರಿದಾದ ಬಟ್ಟಲಿನಿಂದ ಚಹ ಕುಡಿದಂತೆ ಮಾಡುವುದು, ಗೊಂಬೆಗೆ ಉಣಿಸುವುದು, ಅದನ್ನು ತಟ್ಟಿ ಮಲಗಿಸುವುದು ಇವು ಒಂದೂವರೆ ವರ್ಷದ ಆಚೀಚೆ ಕಾಣಿಸಿಕೊಳ್ಳುತ್ತವೆ. ಒಂದು ವಸ್ತುವು ಇನ್ನೊಂದರ ಬದಲಿಗೆ ನಿಲ್ಲಬಲ್ಲುದೆಂಬ ಕಲ್ಪನೆಯೇ ಭಾಷೆಗೂ ಬುನಾದಿ. ಆದ್ದರಿಂದಲೇ ನಟನೆಯ ಆಟವೂ ಮಾತೂ ಸಾಮಾನ್ಯವಾಗಿ ಜೊತೆಜೊತೆಯಾಗಿ ಬೆಳೆಯುತ್ತವೆ.

ಪುಣೆಯ ತುಳಶೀಬಾಗಿನಲ್ಲಿ ಮಾರುವ ‘ಭಾತುಕಲಿ’ಯನ್ನು ಇಲ್ಲಿಯ ಕನ್ನಡ ಗೃಹಿಣಿಯರೆಲ್ಲ ಬಲ್ಲರು. ಪುಟ್ಟ ಒಲೆ, ಪುಟ್ಟ ಲಟ್ಟಣಿಗೆ, ಪುಟ್ಟ ತಪ್ಪಲೆಗಳ ಆ ಸಂಸಾರವು ಇದೇ ನಟನೆಯ ಆಟಕ್ಕೆಂದು ಹುಟ್ಟಿಕೊಂಡದ್ದು. ಆದರೆ ಅದರ ಚಿಕ್ಕ ಚಿಕ್ಕ ಸಾಮಾನುಗಳು ಮೂರು ವರ್ಷ ತುಂಬುವವರೆಗೆ ಕೂಸಿನ ಕೈಗೆ ತಕ್ಕವಲ್ಲ.

ಆಟಿಕೆಯೇ ಅಳತೆಗೋಲು

ಶಿಶುವು ಆಟಿಕೆಯೊಡನೆ ಏನು ಮಾಡುತ್ತದೆಂಬುದನ್ನು ನೋಡಿ ಅದರ ಬೆಳವಣಿಗೆಯನ್ನು ಅಳೆಯಲು ಸಾಧ್ಯ. ಭಾರತೀಯ ಶಿಶುಗಳಿಗೆಂದು ಇಂತಹ ಅಳತೆಯನ್ನು ಸಿದ್ಧಪಡಿಸಿದವರು ಡಾ. ಪ್ರಮೀಳಾ ಫಾಟಕ್. ಅಮೆರಿಕದ ಬೇಲೀ ಮಾಪಕವನ್ನು ಬಡೋದೆಯ ಶಿಶುಗಳ ಮೇಲೆ ಪರೀಕ್ಷಿಸಿ ರೂಪಿಸಿದ ಈ ಮಾಪಕವು ‘ಡಾಸೀ’ ಎಂಬ ಸಂಕ್ಷಿಪ್ತ ಹೆಸರಿನಿಂದ ಪ್ರಸಿದ್ಧವಾಗಿದೆ. ಇದರ ಪರಿಷ್ಕೃತ ಕೈಪಿಡಿಯು 1996ರಲ್ಲಿ ಪುಣೆಯಿಂದಲೇ ಪ್ರಕಟವಾಯಿತು. ಹುಟ್ಟಿನಿಂದ 30 ತಿಂಗಳವರೆಗಿನ ಮಕ್ಕಳಿಗೆ ಅನ್ವಯಿಸುವ ಇದರಲ್ಲಿ ಚಲನೆಗೆ ಸಂಬಂಧಿಸಿದ 67 ಮತ್ತು ಬುದ್ಧಿಗೆ ಸಂಬಂಧಿಸಿದ 163 ಅಂಶಗಳಿವೆ. ಪರೀಕ್ಷಕರ ಚೀಲದಲ್ಲಿ ಸೂಜಿ ಔಷಧಿಗಳಿರುವುದಿಲ್ಲ. ಇರುವುದು ತೂಗುವ ಬಳೆ, ಗಂಟೆ, ಮರದ ತುಂಡುಗಳಂತಹ ಆಟದ ಸಾಮಾನು.

ಪುಣೆಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನಡೆದ ದೀರ್ಘ ಅಧ್ಯಯನವೊಂದನ್ನು ಇಲ್ಲಿ ನೆನೆಯಬೇಕು. 1987ರಿಂದ 1989ರ ನಡುವೆ ಅಲ್ಲಿಯ ನವಜಾತ ಶಿಶುಗಳ ವಿಶೇಷ ವಿಭಾಗದಿಂದ ಮನೆಗೆ ತೆರಳಿದ, ಹುಟ್ಟಿನಲ್ಲಿ ಎರಡು ಕಿಲೋಗ್ರಾಂಗಿಂತ ಕಡಿಮೆ ತೂಕವಿದ್ದ ಮಕ್ಕಳನ್ನು ಡಾ. ಸುಧಾ ಚೌಧರಿ ಮತ್ತು ಸಂಗಡಿಗರು 18 ವರ್ಷಗಳವರೆಗೆ ಅನುಸರಿಸಿದರು. 12ನೆಯ ವಯಸ್ಸಿನಲ್ಲಿ ಆ ಮಕ್ಕಳ ಬುದ್ಧಿಸೂಚ್ಯಂಕದ ಸರಾಸರಿಯು ಸಾಮಾನ್ಯ ಮಿತಿಯೊಳಗೆ ಇದ್ದರೂ, ಪೂರ್ಣ ತೂಕದಿಂದ ಹುಟ್ಟಿದವರಿಗಿಂತ ಕೆಳಗಿತ್ತು. ಅಂತಹ ಮಕ್ಕಳನ್ನು ಮೊದಲ ವರ್ಷಗಳಿಂದಲೇ ನಿಯಮಿತವಾಗಿ ತಪಾಸಿಸುತ್ತಿರಬೇಕೆಂಬುದನ್ನು ಇಂತಹ ಅಧ್ಯಯನಗಳು ಮನಗಾಣಿಸಿವೆ.

ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಮರೆಯಬಾರದು. ಎರಡು ತಿಂಗಳು ಮೊದಲೇ ಹುಟ್ಟಿದ ಶಿಶುವಿಗೆ ಇಂದು ಆರು ತಿಂಗಳಾಗಿದ್ದರೆ, ಆಟದ ಲೆಕ್ಕದಲ್ಲಿ ಅದಕ್ಕೆ ನಾಲ್ಕೇ ತಿಂಗಳು. ಹೆರಿಗೆಯ ನಿರೀಕ್ಷಿತ ದಿನದಿಂದ ಎಣಿಸುವ ಈ ವಯಸ್ಸನ್ನೇ ವೈದ್ಯರು ಎರಡು ವರ್ಷದವರೆಗೆ ಗಣಿಸುತ್ತಾರೆ. ಪಕ್ಕದ ಮನೆಯ ಕೂಸಿನೊಡನೆ ಹೋಲಿಸಿ ನೊಂದುಕೊಳ್ಳುವ ಮೊದಲು ತಾಯಿಯು ಈ ಲೆಕ್ಕವನ್ನು ಹಾಕಿ ನೋಡಬೇಕು.

ಫಲ ಯಾವುದರಿಂದ, ಆಟಿಕೆಯಿಂದಲೋ ಆಡಿಸುವವರಿಂದಲೋ?

ಈ ಪ್ರಶ್ನೆಗೆ ಉತ್ತರ ದೊರೆತದ್ದು ದೂರದ ಜಮೈಕಾ ದ್ವೀಪದಲ್ಲಿ. ಅಲ್ಲಿಯ ಕಿಂಗ್ಸ್ಟನ್ ನಗರದ ಬಡ ಬಡಾವಣೆಗಳಲ್ಲಿ 1986–87ರಲ್ಲಿ ಡಾ. ಸ್ಯಾಲಿ ಗ್ರಾಂಥಮ್–ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಆರಿಸಿಕೊಂಡರು. ಅವರ ವಯಸ್ಸು 9ರಿಂದ 24 ತಿಂಗಳು. ಕೆಲವು ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯು ವಾರಕ್ಕೊಮ್ಮೆ ಹೋಗಿ, ಒಂದು ಗಂಟೆ ಕಾಲ ತಾಯಿ ಮತ್ತು ಕೂಸಿನೊಡನೆ ಆಡುತ್ತಿದ್ದಳು. ಆಟಿಕೆಗಳೆಲ್ಲ ಮನೆಯಲ್ಲಿಯೇ ಮಾಡಿದ ಅಗ್ಗದ ವಸ್ತುಗಳು. ಅವುಗಳನ್ನು ಆ ಮನೆಯಲ್ಲಿ ಬಿಟ್ಟು, ಮುಂದಿನ ವಾರ ಬೇರೆ ಆಟಿಕೆ ತರುತ್ತಿದ್ದಳು. ಕೂಸನ್ನು ಹೇಗೆ ಆಡಿಸಬೇಕು, ಆಡುವಾಗ ಹೇಗೆ ಮಾತನಾಡಿಸಬೇಕು ಎಂಬುದನ್ನು ತಾಯಿಗೆ ತೋರಿಸಿಕೊಡುವುದೇ ಮುಖ್ಯ ಉದ್ದೇಶ. ಎರಡು ವರ್ಷ ಹೀಗೆ ನಡೆಯಿತು. ಅದೇ ಮಕ್ಕಳಿಗೆ 22 ವರ್ಷವಾದಾಗ ಪರಿಶೀಲಿಸಲಾಗಿ, ಆಡಿಸಲ್ಪಟ್ಟವರ ಸಂಪಾದನೆಯು ಉಳಿದವರಿಗಿಂತ ಶೇಕಡಾ 25ರಷ್ಟು ಹೆಚ್ಚಾಗಿತ್ತು. ಈ ಫಲಿತಾಂಶವು 2014ರಲ್ಲಿ ಪ್ರಕಟವಾಯಿತು.

ಇದಕ್ಕೆ ಪೂರಕವಾದ ಎರಡು ಚಿಕ್ಕ ಅಧ್ಯಯನಗಳು ಅಮೆರಿಕದಲ್ಲಿ ನಡೆದವು. 2016ರಲ್ಲಿ ಪ್ರಕಟವಾದ ಒಂದರಲ್ಲಿ 10ರಿಂದ 16 ತಿಂಗಳ 26 ಶಿಶುಗಳು ತಾಯಿ ಅಥವಾ ತಂದೆಯೊಡನೆ ಆಡುವುದನ್ನು ಗಮನಿಸಲಾಯಿತು. ದೀಪ ಮಿನುಗಿಸಿ ಹಾಡು ಹೇಳುವ ವಿದ್ಯುತ್ ಆಟಿಕೆಗಳಿದ್ದಾಗ ದೊಡ್ಡವರ ಮಾತು ಕಡಿಮೆಯಾಯಿತು. ಕೂಸಿನ ತೊದಲು ದನಿಯೂ ಕಡಿಮೆಯಾಯಿತು. ಚಿತ್ರದ ಪುಸ್ತಕವಿದ್ದಾಗ ಮಾತು ಎಲ್ಲಕ್ಕಿಂತ ಹೆಚ್ಚಾಗಿತ್ತು. ಆಟಿಕೆಯೇ ಮಾತನಾಡತೊಡಗಿದರೆ ತಾಯಿ ಮೌನಿಯಾಗುತ್ತಾಳೆ ಎಂಬುದು ಇದರ ತಾತ್ಪರ್ಯ. 2018ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳಿಗೆ ಒಮ್ಮೆ ನಾಲ್ಕು, ಇನ್ನೊಮ್ಮೆ ಹದಿನಾರು ಆಟಿಕೆಗಳನ್ನು ಕೊಡಲಾಯಿತು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರೊಡನೆಯೂ ಹೆಚ್ಚು ಹೊತ್ತು, ಹೆಚ್ಚು ಬಗೆಯಾಗಿ ಆಡಿದರು.

ಹೀಗಾಗಿ ಮೂಲೆಯಲ್ಲಿರುವ ರಾಶಿಯನ್ನು ಪೆಟ್ಟಿಗೆಗೆ ಸೇರಿಸಿ, ಒಂದು ಸಲಕ್ಕೆ ನಾಲ್ಕೈದನ್ನು ಮಾತ್ರ ಹೊರಗಿಟ್ಟು, ವಾರಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು. ಹಳೆಯ ಆಟಿಕೆಯೇ ಮರಳಿ ಬಂದಾಗ ಕೂಸಿಗೆ ಹೊಸದಾಗಿ ಕಾಣುತ್ತದೆ.

ಆಟದ ಭಾಷೆ ಯಾವುದು?

ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಇದು ಪುಣೆಯ ಕನ್ನಡ ಕೂಸಿನ ಭವಿಷ್ಯ. ಹೆಚ್ಚು ಭಾಷೆಗಳು ಕಿವಿಗೆ ಬಿದ್ದರೆ ಮಾತು ತಡವಾಗುವುದೆಂದು ಹೆದರಿ ಕೆಲವರು ಕನ್ನಡವನ್ನೇ ಕೈಬಿಡುತ್ತಾರೆ. ಈ ಭಯಕ್ಕೆ ಆಧಾರವಿಲ್ಲ. ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದು ಮಾತಿನ ದೋಷಕ್ಕೆ ಕಾರಣವಲ್ಲವೆಂಬುದು ಸಿದ್ಧಪಟ್ಟ ವಿಷಯ. ತಾಯಿಯು ತನಗೆ ಸಹಜವಾಗಿ, ಧಾರಾಳವಾಗಿ ಬರುವ ಭಾಷೆಯಲ್ಲಿಯೇ ಆಡಿಸಬೇಕು. “ಚೆಂಡು ಎಲ್ಲಿ ಹೋತು? ಮಂಚದ ಕೆಳಗ ಹೋತೇನು?” ಎಂಬ ಮಾತು ಕೂಸಿಗೆ ಚೆಂಡನ್ನೂ ಕೊಡುತ್ತದೆ, ಕನ್ನಡವನ್ನೂ ಕೊಡುತ್ತದೆ.

ಕೆಲಸದ ಒತ್ತಡದಲ್ಲಿ ಕೂಸಿನ ಕೈಗೆ ಮೊಬೈಲು ಕೊಟ್ಟು ಸುಮ್ಮನಾಗಿಸುವ ರೂಢಿ ಇಂದು ಮನೆಮನೆಗೂ ಹಬ್ಬಿದೆ. ಭಾರತೀಯ ಶಿಶುವೈದ್ಯರ ಅಕಾಡೆಮಿಯ ಸಲಹೆಯಂತೆ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯ ದರ್ಶನವೇ ಬೇಡ. ದೂರದ ಬಂಧುಗಳೊಡನೆ ಆಗೊಮ್ಮೆ ಈಗೊಮ್ಮೆ ನಡೆಸುವ ವಿಡಿಯೊ ಕರೆಗೆ ಮಾತ್ರ ವಿನಾಯಿತಿ. ಧಾರವಾಡದ ಅಜ್ಜಿಗೂ ಪುಣೆಯ ಮೊಮ್ಮಗುವಿಗೂ ಇದು ಸಮಾಧಾನದ ಸಂಗತಿಯೇ. ಏಕೆಂದರೆ ಆ ಪರದೆಯ ಆಚೆಗಿರುವ ಮುಖವು ಕೂಸಿನ ನಗೆಗೆ ಮರುನಗೆ ಕೊಡುತ್ತದೆ.

ಅಪಾಯಗಳು

ಆಟಿಕೆಯಿಂದ ಲಾಭವಿರುವಂತೆ ಹಾನಿಯೂ ಉಂಟು. ಕೆಳಗಿನ ಎಚ್ಚರಗಳು ಪ್ರತಿ ಮನೆಗೂ ಅವಶ್ಯ.

1. ಮೂರು ವರ್ಷದೊಳಗಿನ ಮಗುವಿನ ಬಾಯಿಯೊಳಗೆ ಪೂರ್ತಿ ಹಿಡಿಯುವ ಯಾವ ವಸ್ತುವೂ ಆಟಿಕೆಯಲ್ಲ. ಗೋಲಿ, ಗುಂಡಿ, ಹುಣಸೆಬೀಜ, ಕವಡೆ, ಶೇಂಗಾಕಾಳು ಇವು ಶ್ವಾಸನಾಳಕ್ಕೆ ಅಡ್ಡವಾಗಬಲ್ಲವು. ಊದದ ಅಥವಾ ಒಡೆದ ಬಲೂನು ಅತ್ಯಂತ ಅಪಾಯಕರ. ಗುಲಗಂಜಿಯಂತೂ ವಿಷದ ಬೀಜ.

2. ಆಟಿಕೆ, ಗಡಿಯಾರ, ರಿಮೋಟುಗಳಲ್ಲಿರುವ ಬಿಲ್ಲೆಯಾಕಾರದ ಬ್ಯಾಟರಿಯನ್ನು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳವು ಸುಡಬಹುದು. ವಾಂತಿ ಮಾಡಿಸಬಾರದು. ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಶಕ್ತಿಯುತವಾದ ಚಿಕ್ಕ ಅಯಸ್ಕಾಂತಗಳೂ, ನೀರಿನಲ್ಲಿ ಉಬ್ಬುವ ಬಣ್ಣದ ಮಣಿಗಳೂ ಹೀಗೆಯೇ ಅಪಾಯಕರ.

3. ಕೂಸು ಮಲಗುವ ತೊಟ್ಟಿಲಲ್ಲಿ ಮೆತ್ತನೆಯ ಗೊಂಬೆ, ದಿಂಬುಗಳನ್ನು ಇಡಬಾರದು, ಉಸಿರುಗಟ್ಟುವ ಭಯವಿದೆ. ಕೈಯೂರಿ ಏಳಲು ಕಲಿತೊಡನೆ ತೊಟ್ಟಿಲಿನ ಮೇಲಿನ ತೂಗುಗೊಂಬೆಗಳನ್ನೂ ಉದ್ದನೆಯ ದಾರಗಳನ್ನೂ ತೆಗೆದುಬಿಡಬೇಕು.

4. ಕೂಸನ್ನು ಒಳಗೆ ಕೂರಿಸುವ ಗಾಲಿಗಳ ವಾಕರ್ ನಡಿಗೆಯನ್ನು ಕಲಿಸುವುದಿಲ್ಲ. ಉರುಳಿಬಿದ್ದು ಆಗುವ ಗಾಯಗಳಿಗೆ ಮಾತ್ರ ಎಡೆಕೊಡುತ್ತದೆ. ಕೆನಡಾ ದೇಶವು 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಮರಾಠಿಗರು ಪಾಂಗುಳಗಾಡಾ ಎಂದು ಕರೆಯುವ, ಕೂಸು ನಿಂತು ದೂಡುವ ಮೂರು ಗಾಲಿಯ ಮರದ ಗಾಡಿಯು ಬೇರೆಯೇ ಬಗೆಯದು. ಆಸರೆ ಹಿಡಿದು ನಿಲ್ಲಬಲ್ಲ ಕೂಸಿಗೆ ಹಿರಿಯರ ಎದುರಿನಲ್ಲಿ ಅದನ್ನು ಕೊಡಬಹುದು.

5. ಬಣ್ಣದಲ್ಲಿರುವ ಸೀಸವು ಎಳೆಯ ಮಿದುಳಿಗೆ ವಿಷ. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಕೊಳ್ಳುವಾಗ ಆ ಗುರುತನ್ನು ನೋಡಬೇಕು. ಬಣ್ಣ ಸುಲಿಯುವ ಆಟಿಕೆಯನ್ನು ಬಳಸಬಾರದು.

ಒಂದು ವರ್ಷದೊಳಗಿನ ಕೂಸಿನ ಗಂಟಲಿಗೆ ವಸ್ತು ಸಿಕ್ಕಿ ಅಳಲೂ ಕೆಮ್ಮಲೂ ಆಗದಿದ್ದರೆ, ಮುಂಗೈಯ ಮೇಲೆ ತಲೆ ಕೆಳಗಾಗಿ ಬೋರಲು ಮಲಗಿಸಿ ಬೆನ್ನಿನ ಮೇಲೆ ಭುಜಗಳ ನಡುವೆ ಐದು ಸಲ ಗುದ್ದಬೇಕು. ಬಳಿಕ ಅಂಗಾತ ಮಾಡಿ ಎದೆಯ ನಡುವೆ ಒಂದು ಅಂಗೈಯ ಬುಡದಿಂದ ಐದು ಸಲ ಒತ್ತಬೇಕು. ವಸ್ತು ಹೊರಬರುವವರೆಗೆ ಇದನ್ನು ಪುನರಾವರ್ತಿಸುತ್ತ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬಾರದು. ಅದು ಇನ್ನೂ ಆಳಕ್ಕೆ ಇಳಿಯಬಹುದು.

ಆಟವು ಎಚ್ಚರಿಸುವಾಗ

ಎಲ್ಲ ಕೂಸುಗಳೂ ಒಂದೇ ತಿಂಗಳಲ್ಲಿ ಒಂದೇ ಆಟವನ್ನು ಆಡಬೇಕೆಂದಿಲ್ಲ. ಕೆಲವು ವಾರಗಳ ಹೆಚ್ಚುಕಡಿಮೆ ಸಹಜ. ಆದರೆ ಕೆಲವು ಸೂಚನೆಗಳನ್ನು ಉಪೇಕ್ಷಿಸಲಾಗದು. ಮೂರು ತಿಂಗಳಾದರೂ ಮುಖವನ್ನು ದಿಟ್ಟಿಸದಿರುವುದು, ನಗದಿರುವುದು, ದೊಡ್ಡ ಸದ್ದಿಗೂ ಬೆಚ್ಚದಿರುವುದು. ನಾಲ್ಕು ತಿಂಗಳ ನಂತರವೂ ಮುಷ್ಟಿ ಸದಾ ಬಿಗಿಯಾಗಿರುವುದು. ಆರು ತಿಂಗಳಾದರೂ ಆಟಿಕೆಗೆ ಕೈಚಾಚದಿರುವುದು. ವರ್ಷ ತುಂಬುವ ಮೊದಲೇ ಒಂದು ಕೈಯನ್ನಷ್ಟೇ ಬಳಸಿ ಇನ್ನೊಂದನ್ನು ಮರೆತಂತಿರುವುದು. ವರ್ಷವಾದರೂ ಹೆಸರು ಕರೆದಾಗ ತಿರುಗದಿರುವುದು. ಒಂದೂವರೆ ವರ್ಷವಾದರೂ ಬೇಕಾದುದನ್ನು ಬೆರಳಿಟ್ಟು ತೋರಿಸದಿರುವುದು. ಯಾವ ವಯಸ್ಸಿನಲ್ಲಾದರೂ ಕಲಿತಿದ್ದನ್ನು ಕಳೆದುಕೊಳ್ಳುವುದು. ಇವುಗಳಲ್ಲಿ ಯಾವುದು ಕಂಡರೂ ಶಿಶುವೈದ್ಯರಿಗೆ ತೋರಿಸಬೇಕು. “ನಮ್ಮ ಮನೆತನದಾಗ ಎಲ್ಲಾ ತಡಾನ” ಎಂದು ಕಾಯುತ್ತ ಕುಳಿತರೆ ಅಮೂಲ್ಯವಾದ ತಿಂಗಳುಗಳು ಕಳೆದುಹೋಗುತ್ತವೆ. ಕಿವುಡುತನ, ದೃಷ್ಟಿದೋಷ, ಸ್ನಾಯುಗಳ ಬಿಗಿತ ಇವೆಲ್ಲ ಬೇಗನೆ ಪತ್ತೆಯಾದಷ್ಟೂ ಚಿಕಿತ್ಸೆಯಿಂದ ದೊರೆಯುವ ಲಾಭ ಹೆಚ್ಚು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂತಹ ಮಕ್ಕಳ ತಪಾಸಣೆ ಸರಕಾರಿ ವ್ಯವಸ್ಥೆಯಲ್ಲಿಯೂ ನಡೆಯುತ್ತದೆ.

ತಾಯ್ನಾಡಿನ ಆಟಿಕೆಗಳು

ಊರಿಗೆ ಹೋದವರು ತರಬಹುದಾದ ಆಟಿಕೆಗಳು ಕನ್ನಡನಾಡಿನಲ್ಲಿಯೇ ಇವೆ. ಚನ್ನಪಟ್ಟಣದ ಕುಶಲಿಗಳು ಹಗುರವಾದ ಆಲೆಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿದು ಮೆರುಗು ಕೊಡುತ್ತಾರೆ. ಮೂಲೆಯಿಲ್ಲದ ನುಣುಪಾದ ಗಿಲಕಿ, ಒಂದರ ಮೇಲೊಂದು ಪೇರಿಸುವ ಬಳೆಗಳು, ಎಳೆಯುವ ಬಂಡಿ ಇವು ಎಳೆಯ ಕೈಗೆ ಹೇಳಿ ಮಾಡಿಸಿದಂತಿವೆ. ಸಸ್ಯಜನ್ಯ ಬಣ್ಣದವೇ ಎಂದು ಕೇಳಿ ತೆಗೆದುಕೊಳ್ಳುವುದು ಲೇಸು. ಕಿನ್ನಾಳದ ಮತ್ತು ಗೋಕಾಕದ ಬಣ್ಣಬಣ್ಣದ ಗೊಂಬೆಗಳು ನೋಡಿ ಆನಂದಿಸಲು ಚೆನ್ನ. ಬಾಯಿಗೆ ಹಾಕುವ ವಯಸ್ಸಿನ ಕೂಸಿಗೆ ಅವನ್ನು ಕಪಾಟಿನ ಮೇಲಿಟ್ಟು ತೋರಿಸಿದರೆ ಸಾಕು.

ಪುಣೆಯ ಶುಕ್ರವಾರ ಪೇಟೆಯ ಬಳಿಯಲ್ಲಿ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವಿದೆ. ದಿನಕರ ಕೇಳಕರರು (1896–1990) ಜೀವಮಾನವೆಲ್ಲ ಅಲೆದು ಕೂಡಿಸಿದ ದಿನಬಳಕೆಯ ಸಾವಿರಾರು ವಸ್ತುಗಳು ಅಲ್ಲಿವೆ. ಹೆಸರಿನಲ್ಲಿರುವ ‘ರಾಜಾ’ ಎಳೆವಯಸ್ಸಿನಲ್ಲಿಯೇ ತೀರಿಕೊಂಡ ಅವರ ಒಬ್ಬನೇ ಮಗ. ಮಗುವನ್ನು ಕಳೆದುಕೊಂಡ ತಂದೆಯೊಬ್ಬನು ಅದರ ನೆನಪಿಗೆ ಊರಿಗೆಲ್ಲ ನೋಡಲು ಬರುವಂತಹ ಸಂಗ್ರಹವನ್ನು ಬಿಟ್ಟುಹೋದನು. ಮಗು ಮನೆಯಲ್ಲಿ ಆಡುತ್ತಿರುವ ತಾಯ್ತಂದೆಯರಿಗೆ ಅಷ್ಟೊಂದು ವಸ್ತುಗಳ ಅಗತ್ಯವಿಲ್ಲ.

ಒಟ್ಟಿನಲ್ಲಿ, ಮೂರು ನಾಲ್ಕು ತಿಂಗಳಿನಿಂದ ಆಟಿಕೆಯು ಕೂಸಿಗೆ ಉಪಯುಕ್ತವಾಗತೊಡಗುತ್ತದೆ; ಆ ಉಪಯೋಗವನ್ನು ಪೂರ್ಣಗೊಳಿಸುವವರು ಎದುರಿಗೆ ಕುಳಿತು ಆಡಿಸುವವರು. ತವರಿನ ಹತ್ತು ಮುಖಗಳನ್ನು ಪುಣೆಯ ಮನೆಗೆ ತರಲಾಗದು. ಆದರೆ ಕಚೇರಿಯಿಂದ ಬಂದ ತಂದೆಯು ಕೈಕಾಲು ತೊಳೆದು, ಮೊಬೈಲನ್ನು ಬದಿಗಿಟ್ಟು, ಅರ್ಧ ಗಂಟೆ ಕೌದಿಯ ಮೇಲೆ ಕೂಸಿನ ಎದುರಿಗೆ ಕುಳಿತರೆ ಒಂದು ಮುಖ ಹೆಚ್ಚಾಗುತ್ತದೆ. ಸಂಘದ ಸಮಾರಂಭಗಳಿಗೆ ಕೂಸನ್ನು ಕರೆತಂದರೆ ಮತ್ತೆ ನಾಲ್ಕು ಮುಖಗಳು ಸೇರುತ್ತವೆ. ಕೈಯಲ್ಲಿ ಒಂದು ಗಿಲಕಿ, ಎದುರಿಗೆ ಒಂದು ನಗುಮುಖ, ಕಿವಿಗೆ ಒಂದಿಷ್ಟು ಕನ್ನಡ ಇಷ್ಟಿದ್ದರೆ ಶಿಶುವಿನ ಆಟಕ್ಕೆ ಬೇಕಾದುದೆಲ್ಲ ಒದಗಿದಂತಾಯಿತು.